ಹತ್ತಬಹುದು, ಇಳಿಯಲಾಗದು: ವಿಂಡೋಸ್ ಸರ್ವರ್ ಎಡಿಷನ್ ಬದಲಿಸುವ ದಾರಿಗಳು

ಒಂದು ಆಫೀಸಿನ ವಿಂಡೋಸ್ ಸರ್ವರ್ ಗಂಟೆಗೊಮ್ಮೆ ತಾನಾಗಿಯೇ ಆಫ್ ಆಗುತ್ತಿತ್ತು. ನನ್ನನ್ನು ಕರೆಯುವ ಹೊತ್ತಿಗೆ ಅಲ್ಲಿಯವರು ಯುಪಿಎಸ್ ಬದಲಿಸಿದ್ದರು, ಪವರ್ ಸಪ್ಲೈ ಬದಲಿಸಿದ್ದರು, ರ್‍ಯಾಮ್ ಬಿಚ್ಚಿ ಒರೆಸಿ ಮತ್ತೆ ಹಾಕಿದ್ದರು. ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ಈವೆಂಟ್ ವ್ಯೂವರ್ ಮಾತ್ರ ಯಾರೂ ತೆರೆದಿರಲಿಲ್ಲ. ಅದರ ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯೂಎಲ್‌ಎಂಎಸ್ ಎಂಬ ಹೆಸರಿನಡಿ ಒಂದೇ ಮಾತು ಸಾಲಾಗಿ ಬಿದ್ದಿತ್ತು: ಲೈಸೆನ್ಸ್ ಅವಧಿ ಮುಗಿದಿದೆ, ಸಿಸ್ಟಮ್ ಶಟ್‌ಡೌನ್ ಆಗುತ್ತಿದೆ. ಡೆಸ್ಕ್‌ಟಾಪ್‌ನ ಬಲಗಡೆ ಕೆಳಮೂಲೆಯಲ್ಲೂ ಸಣ್ಣ ಅಕ್ಷರದಲ್ಲಿ ಇವ್ಯಾಲ್ಯುಯೇಷನ್ ಕಾಪಿ ಎಂದಿತ್ತು. ಯಾರೋ ನೋಡೋಣ ಅಂತ ಟ್ರಯಲ್ ಆಗಿ ಹಾಕಿದ್ದರು. ನೋಡುತ್ತಾ ನೋಡುತ್ತಾ ಅದೇ ಇಡೀ ಆಫೀಸಿನ ಸರ್ವರ್ ಆಗಿಬಿಟ್ಟಿತ್ತು. ಟ್ರಯಲ್‌ನ 180 ದಿನ ಮುಗಿದ ಮೇಲೆ ವಿಂಡೋಸ್ ತನ್ನ ಕೆಲಸ ತಾನು ಮಾಡುತ್ತಿತ್ತು.

‘ಅಷ್ಟೇನಾ? ಸ್ಟ್ಯಾಂಡರ್ಡ್ ಎಡಿಷನ್‌ನ ಲೈಸೆನ್ಸ್ ಕೀ ತಗೊಂಡಿದ್ದೇವೆ, ಹಾಕಿಬಿಡಿ’ ಅಂದರು. ಹಾಕಲು ಆಗುವುದಿಲ್ಲ ಎಂದು ನಾನು ಹೇಳಬೇಕಾಯಿತು. ಆ ಸರ್ವರ್ ಡೊಮೇನ್ ಕಂಟ್ರೋಲರ್ ಕೂಡ ಆಗಿತ್ತು, ಅಂದರೆ ಆಫೀಸಿನ ಎಲ್ಲರ ಲಾಗಿನ್ ನೋಡಿಕೊಳ್ಳುವುದೂ ಅದೇ. ಇವ್ಯಾಲ್ಯುಯೇಷನ್ ಆಗಿ ಹಾಕಿದ ಡೊಮೇನ್ ಕಂಟ್ರೋಲರನ್ನು ನೇರವಾಗಿ ಪೂರ್ಣ ಎಡಿಷನ್‌ಗೆ ಬದಲಿಸಲು ದಾರಿಯೇ ಇಲ್ಲ.

ಅದನ್ನು ಹೇಗೆ ಬಿಡಿಸಿದೆವು ಎನ್ನುವುದು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಯಾವ ಎಡಿಷನ್‌ನಿಂದ ಯಾವುದಕ್ಕೆ ಹೋಗಬಹುದು, ಹೇಗೆ ಹೋಗಬೇಕು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಎಂದು ನೋಡೋಣ. ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ: ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಎಡಿಷನ್ ಬೇರೆ, ವರ್ಷನ್ ಬೇರೆ

ಗೊಂದಲ ಶುರುವಾಗುವುದೇ ಇಲ್ಲಿಂದ. 2016, 2019, 2022, 2025 ಇವು ವರ್ಷನ್‌ಗಳು. ಸ್ಟ್ಯಾಂಡರ್ಡ್, ಡೇಟಾಸೆಂಟರ್, ಎಸೆನ್ಷಿಯಲ್ಸ್ ಇವು ಎಡಿಷನ್‌ಗಳು. ಇವೆರಡರ ಜೊತೆಗೆ ಮೂರನೆಯದೊಂದಿದೆ, ಅದು ಇನ್‌ಸ್ಟಾಲೇಷನ್ ಬಗೆ. ಬರೀ ಕಪ್ಪು ಕಮಾಂಡ್ ಪರದೆ ಇರುವ ಸರ್ವರ್ ಕೋರ್ ಒಂದು, ಕಿಟಕಿ-ಮೆನು ಎಲ್ಲ ಇರುವ ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್ ಇನ್ನೊಂದು. ಇವಲ್ಲದೆ ಲೈಸೆನ್ಸ್ ಚಾನೆಲ್, ಅಂದರೆ ಲೈಸೆನ್ಸ್ ಬಂದ ಬಗೆ, ಬೇರೆ ಇದೆ: ಬಿಡಿಯಾಗಿ ಕೊಂಡ ರಿಟೇಲ್, ಸಂಸ್ಥೆಗಳು ಒಟ್ಟಾಗಿ ಕೊಳ್ಳುವ ವಾಲ್ಯೂಮ್, ಯಂತ್ರದ ಜೊತೆಗೇ ಬರುವ ಒಇಎಂ, ಟ್ರಯಲ್‌ಗೆಂದು ಸಿಗುವ ಇವ್ಯಾಲ್ಯುಯೇಷನ್.

‘ಸರ್ವರ್ ಅಪ್‌ಗ್ರೇಡ್ ಮಾಡಬೇಕು’ ಎಂದು ಯಾರಾದರೂ ಹೇಳಿದರೆ ಇವುಗಳಲ್ಲಿ ಯಾವುದು ಬದಲಾಗಬೇಕು ಎಂದು ಮೊದಲು ಕೇಳಿ. ಒಂದೊಂದಕ್ಕೂ ಬೇರೆ ಸಾಧನ, ಬೇರೆ ನಿಯಮ. ಎಡಿಷನ್ ಬದಲಿಸಲು ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಎಂಬ ಟೂಲ್ ಸಾಕು, ಡಿವಿಡಿಯೂ ಬೇಡ, ಡಿವಿಡಿಯ ಸಾಮಗ್ರಿಯೆಲ್ಲ ಒಂದೇ ಫೈಲ್ ಆಗಿರುವ ಐಎಸ್‌ಒ ಕೂಡ ಬೇಡ. ವರ್ಷನ್ ಬದಲಿಸಲು ಹೊಸ ವರ್ಷನ್‌ನ ಐಎಸ್‌ಒ ಬೇಕು, ಅದರ ಸೆಟಪ್ ಓಡಿಸಬೇಕು. ಚಾನೆಲ್ ಬದಲಿಸುವುದು ಎಲ್ಲಕ್ಕಿಂತ ಸುಲಭ. ರಿಟೇಲ್‌ನಿಂದ ವಾಲ್ಯೂಮ್‌ಗೆ, ಒಇಎಂನಿಂದ ರಿಟೇಲ್‌ಗೆ ಹೋಗಲು ವಿಂಡೋಸ್‌ನ ಲೈಸೆನ್ಸ್ ಕಮಾಂಡ್ ಆದ ಎಸ್‌ಎಲ್‌ಎಂಜಿಆರ್, ಅದರ ಹಿಂದೆ ಸ್ಲ್ಯಾಶ್ ಐಪಿಕೆ ಎಂದು ಬರೆದು ಹೊಸ ಕೀ ಕೊಟ್ಟರೆ ಮುಗಿಯಿತು. ಇವ್ಯಾಲ್ಯುಯೇಷನ್ ಮಾತ್ರ ಆ ಸಾಲಿಗೆ ಸೇರುವುದಿಲ್ಲ, ಅದಕ್ಕೆ ಡಿಸ್ಮ್ ಬೇಕೇ ಬೇಕು.

ಇನ್‌ಸ್ಟಾಲೇಷನ್ ಬಗೆ ಬದಲಿಸುವುದು? 2012 ಆರ್2 ಕಾಲದಲ್ಲಿ ಕೋರ್‌ನಿಂದ ಡೆಸ್ಕ್‌ಟಾಪ್‌ಗೆ, ಡೆಸ್ಕ್‌ಟಾಪ್‌ನಿಂದ ಕೋರ್‌ಗೆ ಓಡಾಡಬಹುದಿತ್ತು. 2016ರಿಂದ ಆ ಬಾಗಿಲು ಮುಚ್ಚಿದೆ. ಕೋರ್ ಹಾಕಿದ್ದರೆ ಕೊನೆತನಕ ಕೋರ್. ಬೇಡವೆಂದರೆ ಹೊಸದಾಗಿ ಹಾಕಬೇಕು.

ಮೊದಲು ಡೇಟಾಸೆಂಟರ್ ನಿಜಕ್ಕೂ ಬೇಕಾ ಎಂದು ನೋಡಿ

ಸ್ಟ್ಯಾಂಡರ್ಡ್ ಮತ್ತು ಡೇಟಾಸೆಂಟರ್ ನಡುವೆ ಬೆಲೆಯ ಅಂತರ ದೊಡ್ಡದು. ದಿನನಿತ್ಯದ ಕೆಲಸದಲ್ಲಿ ಅಂತರ ಅಷ್ಟೇನೂ ಕಾಣುವುದಿಲ್ಲ. ಫೈಲ್ ಸರ್ವರ್, ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವುದು), ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವುದು), ಆಕ್ಟಿವ್ ಡೈರೆಕ್ಟರಿ (ಯೂಸರ್‌ಗಳ ಪಟ್ಟಿ, ಲಾಗಿನ್), ಐಐಎಸ್ (ವೆಬ್ ಸರ್ವರ್) ಎಲ್ಲ ಎರಡರಲ್ಲೂ ಒಂದೇ. ಡೇಟಾಸೆಂಟರ್ ಹಾಕಿದರೆ ಸರ್ವರ್ ಜಾಸ್ತಿ ಸ್ಪೀಡ್ ಆಗುತ್ತದೆ ಎಂದು ನಂಬಿಕೊಂಡವರನ್ನು ನಾನು ನೋಡಿದ್ದೇನೆ. ಹಾಗೇನೂ ಇಲ್ಲ.

ನಿಜವಾದ ವ್ಯತ್ಯಾಸ ಇರುವುದು ವರ್ಚುವಲ್ ಮೆಷಿನ್‌ಗಳ (ವಿಎಂ, ಒಂದು ಯಂತ್ರದೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಯಂತ್ರ) ಲೆಕ್ಕದಲ್ಲಿ. ವಿಎಂಗಳನ್ನು ಹೊತ್ತ ಒಂದು ಯಂತ್ರದ, ಅಂದರೆ ಹೋಸ್ಟ್‌ನ, ಎಲ್ಲ ಪ್ರೊಸೆಸರ್ ಕೋರ್‌ಗಳಿಗೂ ಸ್ಟ್ಯಾಂಡರ್ಡ್ ಲೈಸೆನ್ಸ್ ಕೊಂಡರೆ ಅದರ ಮೇಲೆ 2 ವಿಂಡೋಸ್ ಸರ್ವರ್ ವಿಎಂ ಓಡಿಸಬಹುದು. ಇನ್ನೆರಡು ಬೇಕೆಂದರೆ ಅದೇ ಕೋರ್‌ಗಳಿಗೆ ಮತ್ತೊಂದು ಸುತ್ತು ಲೈಸೆನ್ಸ್ ಕೊಳ್ಳಬೇಕು. ಡೇಟಾಸೆಂಟರ್‌ನಲ್ಲಿ ವಿಎಂಗಳಿಗೆ ಮಿತಿಯೇ ಇಲ್ಲ. ಎರಡಕ್ಕೂ ಕನಿಷ್ಠ ಲೆಕ್ಕ ಒಂದೇ: ಪ್ರೊಸೆಸರ್‌ಗೆ 8 ಕೋರ್, ಸರ್ವರ್‌ಗೆ 16 ಕೋರ್. ನಿಮ್ಮ ಸರ್ವರ್‌ನಲ್ಲಿ ಬರೀ 6 ಕೋರ್ ಇದ್ದರೂ 16ಕ್ಕೆ ಕೊಡಬೇಕು. ಹಾಗಾಗಿ ವಿಎಂಗಳನ್ನು ಎಣಿಸಿ, ಸ್ಟ್ಯಾಂಡರ್ಡನ್ನೇ ಎಷ್ಟು ಸುತ್ತು ಕೊಳ್ಳಬೇಕಾಗುತ್ತದೆ ಎಂದು ಗುಣಿಸಿ, ಆಮೇಲೆ ಡೇಟಾಸೆಂಟರ್ ಬೆಲೆಯ ಪಕ್ಕ ಇಡಿ.

ಫೀಚರ್ ದೃಷ್ಟಿಯಿಂದ ನೋಡಿದರೆ ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಬೇಕಿದ್ದರೆ ಡೇಟಾಸೆಂಟರೇ ಆಗಬೇಕು. ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್ ಕೂಡ ಅಷ್ಟೇ. ಡೇಟಾವನ್ನು ಇನ್ನೊಂದು ಸರ್ವರ್‌ಗೆ ನಕಲಿಸುವ ಸ್ಟೋರೇಜ್ ರೆಪ್ಲಿಕಾ ಮಾತ್ರ 2019ರಿಂದ ಸ್ಟ್ಯಾಂಡರ್ಡ್‌ಗೂ ಬಂದಿದೆ, ಆದರೆ ಒಂದೇ ಡಿಸ್ಕ್ ವಾಲ್ಯೂಮ್, ಅದೂ 2 ಟಿಬಿ ತನಕ. ಡೇಟಾಸೆಂಟರ್ ಹೋಸ್ಟ್‌ನ ಇನ್ನೊಂದು ಲಾಭದ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ: ಒಳಗಿನ ವಿಎಂಗಳು ಹೋಸ್ಟ್‌ನ ಮೂಲಕವೇ ಆಕ್ಟಿವೇಟ್ ಆಗುತ್ತವೆ, ಒಂದೊಂದಕ್ಕೂ ಇಂಟರ್ನೆಟ್ ಕೊಡಬೇಕಿಲ್ಲ.

ಕ್ಯಾಲ್, ಅಂದರೆ ಸರ್ವರ್ ಬಳಸುವ ಪ್ರತಿ ವ್ಯಕ್ತಿಗೋ ಸಾಧನಕ್ಕೋ ಬೇಕಾದ ಲೈಸೆನ್ಸ್, ಅದರ ಬಗ್ಗೆ ಒಂದು ಮಾತು. ಎಡಿಷನ್ ಮಾತ್ರ ಬದಲಿಸಿದರೆ ಇರುವ ಯೂಸರ್ ಕ್ಯಾಲ್, ಡಿವೈಸ್ ಕ್ಯಾಲ್‌ಗಳೇ ನಡೆಯುತ್ತವೆ. ವರ್ಷನ್ ಬದಲಿಸಿದರೆ ನಡೆಯುವುದಿಲ್ಲ. 2016ರ ಕ್ಯಾಲ್ ಇಟ್ಟುಕೊಂಡು 2022 ಸರ್ವರ್ ಬಳಸುವಂತಿಲ್ಲ. ಇದು ತಾಂತ್ರಿಕವಾಗಿ ಎಲ್ಲೂ ಅಡ್ಡ ಬರುವುದಿಲ್ಲ, ಆಡಿಟ್ ದಿನ ಮಾತ್ರ ಅಡ್ಡ ಬರುತ್ತದೆ. ಹಾಗಾಗಿ ಬಜೆಟ್ ಹಾಕುವಾಗಲೇ ಇದನ್ನು ಸೇರಿಸಿ.

ತೆರೆದಿರುವ ದಾರಿಗಳು

ಸ್ಟ್ಯಾಂಡರ್ಡ್‌ನಿಂದ ಡೇಟಾಸೆಂಟರ್‌ಗೆ ಹೋಗಬಹುದು. ಸ್ಟ್ಯಾಂಡರ್ಡ್ ಇವ್ಯಾಲ್ಯುಯೇಷನ್‌ನಿಂದ ಸ್ಟ್ಯಾಂಡರ್ಡ್‌ಗೂ ಹೋಗಬಹುದು, ಡೇಟಾಸೆಂಟರ್‌ಗೂ ಹೋಗಬಹುದು. ಡೇಟಾಸೆಂಟರ್ ಇವ್ಯಾಲ್ಯುಯೇಷನ್‌ನಿಂದ ಡೇಟಾಸೆಂಟರ್‌ಗೆ ಮಾತ್ರ. ಟ್ರಯಲ್ ಹಾಕುವಾಗ ‘ದೊಡ್ಡದನ್ನೇ ನೋಡೋಣ’ ಎಂದು ಡೇಟಾಸೆಂಟರ್ ಆರಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕೊಂಡಿದ್ದು ಸ್ಟ್ಯಾಂಡರ್ಡ್ ಕೀ, ಹಾಕಿದ್ದು ಡೇಟಾಸೆಂಟರ್ ಟ್ರಯಲ್. ಆ ಕೀ ಅಲ್ಲಿ ಹಿಡಿಸುವುದಿಲ್ಲ. ಟ್ರಯಲ್ ಹಾಕುವುದಾದರೆ ಯಾವಾಗಲೂ ಸ್ಟ್ಯಾಂಡರ್ಡ್ ಹಾಕಿ.

ಡೇಟಾಸೆಂಟರ್‌ನಿಂದ ಸ್ಟ್ಯಾಂಡರ್ಡ್‌ಗೆ ಇಳಿಯುವ ದಾರಿ ಇಲ್ಲ. ರಿಜಿಸ್ಟ್ರಿಯಲ್ಲಿ ಎಡಿಷನ್ ಐಡಿ ತಿದ್ದಿ, ಸ್ಟ್ಯಾಂಡರ್ಡ್ ಐಎಸ್‌ಒದಿಂದ ಸೆಟಪ್ ಓಡಿಸಿ ಇಳಿಸಬಹುದು ಎಂಬ ಉಪಾಯ ಹುಡುಕಿದರೆ ಸಿಗುತ್ತದೆ. ಅದಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ಇಲ್ಲ. ಪರೀಕ್ಷೆಗಿಟ್ಟ ವಿಎಂ ಮೇಲೆ ಬೇಕಿದ್ದರೆ ಆಡಿ, ಸಂಬಳದ ಡೇಟಾ ಇರುವ ಸರ್ವರ್ ಮೇಲೆ ಬೇಡ. ‘ನಮ್ಮ ಲೈಸೆನ್ಸ್‌ಗೆ ಡೌನ್‌ಗ್ರೇಡ್ ಹಕ್ಕು ಇದೆಯಲ್ಲಾ’ ಎಂದು ಕೇಳುವವರಿದ್ದಾರೆ. ಹಕ್ಕು ಇರುವುದು ಕಾಗದದ ಮೇಲೆ. ಹಳೆಯದನ್ನು ಹೊಸದಾಗಿ ಹಾಕಿಕೊಳ್ಳಬಹುದು ಎಂದು ಅದರ ಅರ್ಥ, ಓಡುತ್ತಿರುವುದನ್ನು ಇಳಿಸಬಹುದು ಎಂದಲ್ಲ.

ಎಸೆನ್ಷಿಯಲ್ಸ್ ಬಗ್ಗೆ ಚುಟುಕಾಗಿ: ಅದು 25 ಯೂಸರ್, 50 ಡಿವೈಸ್ ಮಿತಿಯ ಸಣ್ಣ ಎಡಿಷನ್. ಆ ಮಿತಿ ದಾಟುವ ಸೂಚನೆ ಕಂಡಾಗಲೇ ಸ್ಟ್ಯಾಂಡರ್ಡ್ ಬಗ್ಗೆ ಯೋಚಿಸಿ, ಮತ್ತು ಸ್ಟ್ಯಾಂಡರ್ಡ್‌ಗೆ ಕ್ಯಾಲ್ ಬೇರೆ ಕೊಳ್ಳಬೇಕು ಎನ್ನುವುದನ್ನು ಮರೆಯಬೇಡಿ.

ಎಡಿಷನ್ ಬದಲಿಸುವ ಕೆಲಸ, ಒಂದೊಂದೇ ಹೆಜ್ಜೆ

ಮೊದಲು ಬ್ಯಾಕಪ್. ವಿಎಂ ಚೆಕ್‌ಪಾಯಿಂಟ್ ಬ್ಯಾಕಪ್ ಅಲ್ಲ. ಅದೇ ಡಿಸ್ಕ್ ಮೇಲೆ ಕೂತಿರುತ್ತದೆ, ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಸಿಸ್ಟಮ್ ಸ್ಟೇಟ್ ಸೇರಿದ ಪೂರ್ತಿ ಬ್ಯಾಕಪ್ ಬೇರೆ ಕಡೆ ಇರಲಿ. ಅದರಿಂದ ಒಂದೆರಡು ಫೈಲ್ ತೆಗೆದು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎರಡನೆಯದು, ಈಗಿನ ಸ್ಥಿತಿ ಬರೆದಿಡುವುದು. ಸಿಸ್ಟಮ್‌ಇನ್ಫೋ ಕಮಾಂಡ್‌ನ ಔಟ್‌ಪುಟ್ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕಿ. ಪವರ್‌ಶೆಲ್‌ನಲ್ಲಿ ಗೆಟ್-ಕಂಪ್ಯೂಟರ್‌ಇನ್ಫೋ ಕೊಟ್ಟು ಅದನ್ನೂ ಉಳಿಸಿ. ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೂಡ ಇರಲಿ. ಈ ಫೈಲ್‌ಗಳನ್ನು ಅದೇ ಸರ್ವರ್‌ನಲ್ಲಿ ಇಟ್ಟುಕೊಂಡು ಕೂರಬೇಡಿ ಮತ್ತೆ.

ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡಿಸ್ಮ್ ಎಂದು ಬರೆದು, ಸ್ಲ್ಯಾಶ್ ಆನ್‌ಲೈನ್, ಸ್ಲ್ಯಾಶ್ ಗೆಟ್-ಕರೆಂಟ್‌ಎಡಿಷನ್ ಕೊಡಿ. ಈಗಿರುವ ಎಡಿಷನ್ ಹೆಸರು ಬರುತ್ತದೆ. ಸ್ಟ್ಯಾಂಡರ್ಡ್ ಇದ್ದರೆ ಸರ್ವರ್‌ಸ್ಟ್ಯಾಂಡರ್ಡ್ ಎಂದು, ಟ್ರಯಲ್ ಇದ್ದರೆ ಕೊನೆಗೆ ಇವ್ಯಾಲ್ ಸೇರಿಸಿ ತೋರಿಸುತ್ತದೆ. ನಂತರ ಅದೇ ಕಮಾಂಡ್‌ನಲ್ಲಿ ಕೊನೆಯ ಭಾಗವನ್ನು ಗೆಟ್-ಟಾರ್ಗೆಟ್‌ಎಡಿಷನ್ಸ್ ಎಂದು ಬದಲಿಸಿ. ಈ ಸರ್ವರ್ ಎಲ್ಲಿಗೆ ಹೋಗಬಲ್ಲದು ಎಂಬ ಪಟ್ಟಿ ಬರುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಕಮಾಂಡ್ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ನಾನು ಹೇಳಿದ್ದು, ಇನ್ನೊಬ್ಬರು ಹೇಳಿದ್ದು ಎಲ್ಲ ಬಿಡಿ. ಪಟ್ಟಿಯಲ್ಲಿ ಇದ್ದರೆ ದಾರಿ ಇದೆ, ಇಲ್ಲದಿದ್ದರೆ ಇಲ್ಲ. ಅಲ್ಲಿರುವ ಹೆಸರನ್ನು ಒಂದು ಅಕ್ಷರವೂ ಬಿಡದೆ ಬರೆದುಕೊಳ್ಳಿ.

ಈಗ ನಿಜವಾದ ಬದಲಾವಣೆ. ಡಿಸ್ಮ್, ಸ್ಲ್ಯಾಶ್ ಆನ್‌ಲೈನ್, ಸ್ಲ್ಯಾಶ್ ಸೆಟ್-ಎಡಿಷನ್, ಕೋಲನ್, ಆಮೇಲೆ ಬರೆದುಕೊಂಡ ಹೆಸರು. ಅದರ ಹಿಂದೆ ಸ್ಲ್ಯಾಶ್ ಪ್ರಾಡಕ್ಟ್‌ಕೀ, ಕೋಲನ್, ಐದೈದು ಅಕ್ಷರದ ಐದು ಗುಂಪಿನ ಕೀ. ಕೊನೆಗೆ ಸ್ಲ್ಯಾಶ್ ಆಕ್ಸೆಪ್ಟ್‌ಯೂಲಾ. ಎಂಟರ್ ಒತ್ತಿದರೆ ಶೇಕಡಾವಾರು ಗೆರೆ ಏರತೊಡಗುತ್ತದೆ.

ತುಂಬಾ ಜನ ಗಾಬರಿಯಾಗುವುದು ಇಲ್ಲೇ. ಗೆರೆ 10ಕ್ಕೆ ಬಂದು ನಿಂತುಬಿಡುತ್ತದೆ. ಐದು ನಿಮಿಷ, ಹತ್ತು ನಿಮಿಷ, ಏನೂ ಆಗುವುದಿಲ್ಲ. ನಾನು ಮೊದಲ ಸಲ ಮಾಡಿದಾಗ ಕಂಟ್ರೋಲ್-ಸಿ ಒತ್ತಲು ಬೆರಳು ಇಟ್ಟಿದ್ದೆ. ಒತ್ತಬೇಡಿ. ಸುಮ್ನೆ ಕಾಯಿರಿ. ಇದ್ದಕ್ಕಿದ್ದಂತೆ 100ಕ್ಕೆ ಹಾರಿ, ರೀಸ್ಟಾರ್ಟ್ ಮಾಡಲೇ ಎಂದು ಕೇಳುತ್ತದೆ. ವೈ ಒತ್ತಿ. ಒಂದೆರಡು ಸಲ ರೀಬೂಟ್ ಆಗುತ್ತದೆ. ರೋಲ್‌ಗಳು (ಸರ್ವರ್‌ಗೆ ವಹಿಸಿದ ಕೆಲಸಗಳು), ಶೇರ್‌ಗಳು, ಪರ್ಮಿಷನ್‌ಗಳು ಎಲ್ಲ ಇದ್ದಲ್ಲೇ ಇರುತ್ತವೆ.

ಕೆಲವೊಮ್ಮೆ ಕಾಯುವುದರಿಂದ ಆಗುವುದಿಲ್ಲ, ಕೀ ಹಿಡಿಸುತ್ತಿಲ್ಲ ಎಂದೇ ಎರರ್ ಬರುತ್ತದೆ. ಕೀ ಸರಿಯಾಗಿದ್ದರೂ ಹೀಗಾಗುವುದುಂಟು, ಅದರಲ್ಲೂ ವಾಲ್ಯೂಮ್ ಲೈಸೆನ್ಸ್‌ನ ಎಂಎಕೆ ಕೀ (ಒಂದೇ ಕೀಯಿಂದ ಹಲವು ಯಂತ್ರ ಆಕ್ಟಿವೇಟ್ ಮಾಡುವಂಥದ್ದು) ಕೊಟ್ಟಾಗ. ಆಗ ಬಳಸುವ ದಾರಿ ಎರಡು ಹೆಜ್ಜೆಯದು. ಪ್ರತಿ ವರ್ಷನ್‌ಗೂ ಪ್ರತಿ ಎಡಿಷನ್‌ಗೂ ಕೆಎಂಎಸ್ ಕ್ಲೈಂಟ್ ಕೀ ಎಂಬ ಸಾಮಾನ್ಯ ಕೀಯೊಂದನ್ನು ಮೈಕ್ರೋಸಾಫ್ಟ್ ತಾನೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದೆ. ಅದನ್ನು ಡಿಸ್ಮ್‌ಗೆ ಕೊಟ್ಟು ಎಡಿಷನ್ ಬದಲಿಸಿ. ರೀಬೂಟ್ ಆದ ಮೇಲೆ ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಐಪಿಕೆ ಕೊಟ್ಟು ನಿಮ್ಮ ಸ್ವಂತ ಕೀ ಹಾಕಿ, ಸ್ಲ್ಯಾಶ್ ಎಟಿಒ ಕೊಟ್ಟು ಆಕ್ಟಿವೇಟ್ ಮಾಡಿ. ಆ ಪ್ರಕಟಿತ ಕೀ ಪುಕ್ಕಟೆ ಲೈಸೆನ್ಸ್ ಅಲ್ಲ, ಎಡಿಷನ್ ಬದಲಿಸುವ ಕೆಲಸ ಮಾತ್ರ ಮಾಡುತ್ತದೆ. ಸ್ವಂತ ಕೀ ಹಾಕುವುದನ್ನು ಮರೆತು ಎದ್ದು ಹೋಗಬೇಡಿ.

ಟ್ರಯಲ್ ಅವಧಿ ಮುಗಿದು ಗಂಟೆಗೊಮ್ಮೆ ಆಫ್ ಆಗುತ್ತಿರುವ ಸರ್ವರ್ ಆದರೆ ಮೊದಲು ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಡಿಎಲ್‌ವಿ ಕೊಡಿ. ರೀಆರ್ಮ್, ಅಂದರೆ ಟ್ರಯಲ್ ಅವಧಿಯನ್ನು ಮತ್ತೆ ಶುರುಮಾಡುವುದು, ಎಷ್ಟು ಸಲ ಬಾಕಿ ಇದೆ ಎಂದು ಅದರಲ್ಲಿ ಕಾಣುತ್ತದೆ. ಬಾಕಿ ಇದ್ದರೆ ಸ್ಲ್ಯಾಶ್ ರೀಆರ್ಮ್ ಕೊಟ್ಟು ರೀಬೂಟ್ ಮಾಡಿ, ಉಸಿರಾಡಲು ಸಮಯ ಸಿಗುತ್ತದೆ. ಡಿಸ್ಮ್ ಓಡುತ್ತಿರುವಾಗ ಅರ್ಧದಲ್ಲಿ ಸರ್ವರ್ ಆಫ್ ಆಗುವುದು ಯಾರಿಗೂ ಬೇಡ.

ಎಲ್ಲ ಮುಗಿದ ಮೇಲೆ ಗೆಟ್-ಕರೆಂಟ್‌ಎಡಿಷನ್ ಮತ್ತೊಮ್ಮೆ ಕೊಟ್ಟು ನೋಡಿ. ಹೆಸರು ಬದಲಾಗಿದೆ, ಆಕ್ಟಿವೇಷನ್ ಆಗಿದೆ ಎಂದರೆ ಎಡಿಷನ್ ಕೆಲಸ ಮುಗಿಯಿತು.

ವರ್ಷನ್ ಏರುವ ದಾರಿ

ಹಿಂದೆ ಒಂದು ಸಲಕ್ಕೆ ಎರಡು ಮೆಟ್ಟಿಲು ಹತ್ತಬಹುದಿತ್ತು. 2008 ಆರ್2 ನಿಂದ 2012 ಅಥವಾ 2012 ಆರ್2. 2012 ಆರ್2 ನಿಂದ 2016 ಅಥವಾ 2019. 2016ರಿಂದ 2019 ಅಥವಾ 2022. 2025 ಬಂದ ಮೇಲೆ ನಿಯಮ ಸಡಿಲವಾಯಿತು: 2012 ಆರ್2 ಮತ್ತು ಅದರಿಂದೀಚಿನ ಯಾವುದರಿಂದಲೂ ನೇರವಾಗಿ 2025ಕ್ಕೆ ಹಾರಬಹುದು. 2008 ಆರ್2 ಇನ್ನೂ ಓಡಿಸುತ್ತಿದ್ದರೆ 2012 ಆರ್2 ನಲ್ಲಿ ಒಂದು ತಂಗುದಾಣ ಬೇಕು. 32 ಬಿಟ್‌ನ ಹಳೆಯ 2008 ಇದ್ದರೆ ಯಾವ ದಾರಿಯೂ ಇಲ್ಲ. 2008 ಆರ್2 ನಿಂದ ಸರ್ವರ್ ಬರೀ 64 ಬಿಟ್, ಮತ್ತು 32ರಿಂದ 64ಕ್ಕೆ ಅಪ್‌ಗ್ರೇಡ್ ಆಗುವುದಿಲ್ಲ.

ದಿನಾಂಕಗಳನ್ನೂ ನೋಡಿಕೊಳ್ಳಿ. 2012 ಆರ್2 ಗೆ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. 2016ಕ್ಕೆ 2027ರ ಜನವರಿ 12. 2019ಕ್ಕೆ 2029ರ ಜನವರಿ 9. 2022ಕ್ಕೆ 2031ರ ಅಕ್ಟೋಬರ್ 14. ಇದನ್ನು ನೋಡಿದರೆ 2012 ಆರ್2 ನಿಂದ 2016ಕ್ಕೆ ಹೋಗುವುದು ಒಂದು ಮಳೆಯಿಂದ ಓಡಿ ಇನ್ನೊಂದು ಸೋರುವ ಮಾಡಿನ ಕೆಳಗೆ ನಿಂತಂತೆ. ಮಧ್ಯದ ತಂಗುದಾಣವಾಗಿ ಬೇಕಿದ್ದರೆ ಸರಿ, ಅಲ್ಲೇ ಮನೆ ಮಾಡಬೇಡಿ.

ಎಡಿಷನ್ ಮತ್ತು ವರ್ಷನ್ ಎರಡನ್ನೂ ಒಂದೇ ಸೆಟಪ್‌ನಲ್ಲಿ ಬದಲಿಸಲು ಬರುತ್ತದೆ. 2019 ಸ್ಟ್ಯಾಂಡರ್ಡ್ ಮೇಲೆ 2022 ಡೇಟಾಸೆಂಟರ್ ಆರಿಸಿದರೂ ಆಗುತ್ತದೆ. ನಾನು ಹಾಗೆ ಮಾಡುವುದಿಲ್ಲ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗಬೇಕಲ್ಲ! ಮೊದಲು ವರ್ಷನ್, ಒಂದು ವಾರ ಬಿಟ್ಟು ಎಡಿಷನ್. ಟ್ರಯಲ್ ಇದ್ದರೆ ಮಾತ್ರ ಮೊದಲು ಅದನ್ನು ಪೂರ್ಣ ಎಡಿಷನ್ ಮಾಡಿ, ಆಮೇಲೆ ವರ್ಷನ್.

ಸೆಟಪ್ ಓಡಿಸುವ ಮುಂಚೆ ಕೆಲವು ಗುಂಡಿಗಳನ್ನು ಮುಚ್ಚಿಕೊಳ್ಳಬೇಕು. ನಿಕ್ ಟೀಮಿಂಗ್ (ಹಲವು ನೆಟ್‌ವರ್ಕ್ ಕಾರ್ಡ್‌ಗಳನ್ನು ಒಂದಾಗಿ ಕಟ್ಟುವುದು) ಇದ್ದರೆ ಅದನ್ನು ತೆಗೆದು, ಅಪ್‌ಗ್ರೇಡ್ ಆದ ಮೇಲೆ ಮತ್ತೆ ಕಟ್ಟಿ. ಆಂಟಿವೈರಸ್ ಹೊಸ ವರ್ಷನ್‌ಗೆ ಹೊಂದದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಪೆಂಡಿಂಗ್ ಇರುವ ಅಪ್‌ಡೇಟ್ ಮುಗಿಸಿ ಒಮ್ಮೆ ರೀಬೂಟ್ ಮಾಡಿ. ಎಕ್ಸ್‌ಚೇಂಜ್ ಸರ್ವರ್ ಇರುವ ಮೆಷಿನ್ ಆದರೆ ಅಲ್ಲಿಗೇ ನಿಲ್ಲಿ: ಎಕ್ಸ್‌ಚೇಂಜ್ ಕೂತಿರುವಾಗ ಅದರ ಕೆಳಗಿನ ವಿಂಡೋಸ್ ವರ್ಷನ್ ಬದಲಿಸಲು ಸಪೋರ್ಟ್ ಇಲ್ಲ. 2025ಕ್ಕೆ ಹೋಗುವುದಾದರೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಎಂಬ ಸೂಚನೆಗಳ ಗುಂಪು ಇರಬೇಕು. ತೀರಾ ಹಳೆಯ ಡಬ್ಬಗಳಲ್ಲಿ ಇರುವುದಿಲ್ಲ.

ಈಗ ಐಎಸ್‌ಒ ಮೌಂಟ್ ಮಾಡಿ. ಡಿವಿಡಿಯಿಂದ ಬೂಟ್ ಮಾಡಬೇಡಿ, ಓಡುತ್ತಿರುವ ವಿಂಡೋಸ್ ಒಳಗಿನಿಂದಲೇ ಸೆಟಪ್ ಓಡಿಸಿ. ಬೂಟ್ ಮಾಡಿದರೆ ಹೊಸ ಇನ್‌ಸ್ಟಾಲೇಷನ್ ಮಾತ್ರ ಆಗುತ್ತದೆ.

ಕೀ ಕೇಳಿದ ಮೇಲೆ ನಾಲ್ಕು ಸಾಲಿನ ಒಂದು ಪಟ್ಟಿ ಬರುತ್ತದೆ. ಇಲ್ಲಿ ನಿಧಾನ ಮಾಡಿ. ಮೊದಲ ಸಾಲು ಬರೀ ಸ್ಟ್ಯಾಂಡರ್ಡ್. ಎರಡನೆಯದು ಸ್ಟ್ಯಾಂಡರ್ಡ್, ಪಕ್ಕದಲ್ಲಿ ಡೆಸ್ಕ್‌ಟಾಪ್ ಎಕ್ಸ್‌ಪೀರಿಯನ್ಸ್ ಎಂದಿರುತ್ತದೆ. ಮೂರು, ನಾಲ್ಕು ಡೇಟಾಸೆಂಟರ್‌ನವು, ಅದೇ ಕ್ರಮದಲ್ಲಿ. ಏನೂ ಬರೆಯದೆ ಇರುವ ಮೊದಲ ಸಾಲೇ ಕೋರ್. ‘ಸ್ಟ್ಯಾಂಡರ್ಡ್ ಅಲ್ವಾ, ಇದೇ ಇರಬೇಕು’ ಎಂದು ಅದನ್ನೇ ಒತ್ತಿ ಮುಂದೆ ಹೋಗುವವರು ಜಾಸ್ತಿ. ಮುಂದಿನ ಪುಟದಲ್ಲಿ ಫೈಲ್, ಸೆಟ್ಟಿಂಗ್, ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಉಳಿದಿರುವುದು ‘ಏನೂ ಉಳಿಸಬೇಡ’ ಎಂಬ ಒಂದೇ ಆಯ್ಕೆ. ಅದನ್ನು ಒತ್ತಿದರೆ ಶೇರ್ ಇಲ್ಲ, ರೋಲ್ ಇಲ್ಲ, ಏನೂ ಇಲ್ಲ.

ಉಳಿಸುವ ಆಯ್ಕೆ ಬೂದಾಗಿದ್ದರೆ ಕ್ಯಾನ್ಸಲ್ ಮಾಡಿ ಹಿಂದೆ ಬನ್ನಿ. ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಡೆಸ್ಕ್‌ಟಾಪ್ ಮೇಲೆ ಕೋರ್ ಆರಿಸಿದ್ದೀರಿ, ಡೇಟಾಸೆಂಟರ್ ಮೇಲೆ ಸ್ಟ್ಯಾಂಡರ್ಡ್ ಆರಿಸಿದ್ದೀರಿ, ಐಎಸ್‌ಒ ಭಾಷೆ ಬೇರೆ ಇದೆ, ಅಥವಾ ಐಎಸ್‌ಒ ಟ್ರಯಲ್‌ನದು. ಕೊನೆಯದನ್ನು ಜನ ಗಮನಿಸುವುದೇ ಇಲ್ಲ. ಎಲ್ಲರಿಗೂ ಸುಲಭವಾಗಿ ಸಿಗುವ ಡೌನ್‌ಲೋಡ್ ಇವ್ಯಾಲ್ಯುಯೇಷನ್ ಐಎಸ್‌ಒ ಆಗಿರುತ್ತದೆ, ಪೂರ್ಣ ಲೈಸೆನ್ಸ್ ಇರುವ ಸರ್ವರ್ ಮೇಲೆ ಅದನ್ನು ತಂದು ಹಾಕಬಾರದು.

ಸೆಟಪ್ ಅರ್ಧದಲ್ಲಿ ಸೋತರೆ ತಾನಾಗಿಯೇ ಹಳೆಯ ಸ್ಥಿತಿಗೆ ಮರಳಲು ನೋಡುತ್ತದೆ. ಯಾಕೆ ಸೋತಿತು ಎಂದು ತಿಳಿಯಲು ಸಿ ಡ್ರೈವ್‌ನಲ್ಲಿ ಡಾಲರ್ ಗುರುತಿನಿಂದ ಶುರುವಾಗುವ, ಕಣ್ಣಿಗೆ ಕಾಣದಂತೆ ಅಡಗಿರುವ ವಿಂಡೋಸ್ ಫೋಲ್ಡರ್ ತೆರೆಯಿರಿ. ಅದರೊಳಗೆ ಸೋರ್ಸಸ್, ಅದರೊಳಗೆ ಪ್ಯಾಂಥರ್. ಅಲ್ಲಿ ಸೆಟಪ್‌ಎರರ್ ಲಾಗ್ ಚಿಕ್ಕದು, ಅದನ್ನೇ ಮೊದಲು ಓದಿ. ಸೆಟಪ್‌ಆ್ಯಕ್ಟ್ ಲಾಗ್ ರಾಮಾಯಣದಷ್ಟು ಉದ್ದ.

ಅಂದಹಾಗೆ, ಗೊತ್ತಿಲ್ಲದೆಯೇ ವರ್ಷನ್ ಏರಿದ ಪ್ರಸಂಗಗಳೂ ಇವೆ. 2024ರ ನವೆಂಬರ್‌ನಲ್ಲಿ 2025 ಬಿಡುಗಡೆಯಾದಾಗ ಕೆಲವು ಕಡೆ 2019, 2022 ಸರ್ವರ್‌ಗಳು ರಾತ್ರೋರಾತ್ರಿ 2025 ಆಗಿ ಕೂತಿದ್ದವು. ಪ್ಯಾಚ್ ನಿರ್ವಹಣೆಯ ಬೇರೆ ಟೂಲ್‌ಗಳು ಈ ಫೀಚರ್ ಅಪ್‌ಡೇಟನ್ನು ಮಾಮೂಲಿ ಅಪ್‌ಡೇಟ್‌ನಂತೆ ಹಾಕಿದ್ದವು. ಹೊಸ ವರ್ಷನ್‌ಗೆ ಲೈಸೆನ್ಸ್ ಇಲ್ಲ, ಹಿಂದೆ ಬರಬೇಕೆಂದರೆ ಬ್ಯಾಕಪ್ಪೇ ಗತಿ. ನಿಮ್ಮ ಪ್ಯಾಚ್ ಟೂಲ್‌ನಲ್ಲಿ ಫೀಚರ್ ಅಪ್‌ಡೇಟ್‌ಗಳಿಗೆ ಒಪ್ಪಿಗೆ ಕೇಳುವಂತೆ ಇದೆಯಾ ಎಂದು ಇವತ್ತೇ ನೋಡಿ.

ಕ್ಲಸ್ಟರ್ ಮತ್ತು ಹೈಪರ್-ವಿ

ಹಲವು ಸರ್ವರ್‌ಗಳು (ನೋಡ್‌ಗಳು) ಒಂದಾಗಿ ದುಡಿಯುವ ಕ್ಲಸ್ಟರ್‌ನಲ್ಲಿ ಹಾರುವಂತಿಲ್ಲ, ಒಂದೊಂದೇ ವರ್ಷನ್. ಒಂದು ನೋಡ್‌ನಿಂದ ಕೆಲಸಗಳನ್ನು ಬೇರೆ ನೋಡ್‌ಗೆ ಸರಿಸಿ, ಅದನ್ನು ಹೊರತೆಗೆದು, ಹೊಸ ವರ್ಷನ್ ಹಾಕಿ, ಮತ್ತೆ ಸೇರಿಸಬೇಕು. ಎಲ್ಲ ನೋಡ್ ಆದ ಮೇಲೆ ಅಪ್‌ಡೇಟ್-ಕ್ಲಸ್ಟರ್‌ಫಂಕ್ಷನಲ್‌ಲೆವೆಲ್ ಕೊಡಬೇಕು. ಅದನ್ನು ಕೊಡುವ ತನಕ ಹಿಂದೆ ಬರಬಹುದು, ಕೊಟ್ಟ ಮೇಲೆ ಇಲ್ಲ. ವಿಎಂ ಓಡಿಸುವ ವಿಂಡೋಸ್‌ನದೇ ಸೌಲಭ್ಯವಾದ ಹೈಪರ್-ವಿಯಲ್ಲಿ ವಿಎಂಗಳ ಕಾನ್ಫಿಗರೇಷನ್ ವರ್ಷನ್ ಕೂಡ ಹಾಗೇ. ಹೋಸ್ಟ್ ಹೊಸದಾದರೂ ಅದು ತಾನಾಗಿ ಏರುವುದಿಲ್ಲ, ನೀವು ಏರಿಸಿದರೆ ಹಳೆಯ ಹೋಸ್ಟ್‌ನಲ್ಲಿ ಆ ವಿಎಂ ಓಡುವುದಿಲ್ಲ. ಅವಸರ ಬೇಡ.

ಲಿನಕ್ಸ್ ಕಡೆ

ಲಿನಕ್ಸ್‌ನಲ್ಲಿ ಎಡಿಷನ್ ತಲೆನೋವು ಕಡಿಮೆ, ಮೆಟ್ಟಿಲು ಬಿಡುವ ತಲೆನೋವು ಅದೇ. ಡೆಬಿಯನ್‌ನಲ್ಲಿ ಒಂದು ರಿಲೀಸ್ ಬಿಟ್ಟು ಹಾರುವಂತಿಲ್ಲ: 10 ಇದ್ದರೆ 11, ಆಮೇಲೆ 12. ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಇರುವ ರಿಲೀಸ್) ಇದ್ದರೆ ಮುಂದಿನ ಎಲ್‌ಟಿಎಸ್‌ಗೆ ಮಾತ್ರ, 20.04ರಿಂದ 22.04, ಅಲ್ಲಿಂದ 24.04. ಹೊಸ ಎಲ್‌ಟಿಎಸ್ ಬಂದ ದಿನವೇ ಸರ್ವರ್‌ನಲ್ಲಿ ಅದು ಕಾಣದಿದ್ದರೆ ಗಾಬರಿ ಬೇಡ, ಅದರ ಮೊದಲ ಪಾಯಿಂಟ್ ರಿಲೀಸ್ ಬಂದ ಮೇಲೆ ಕಾಣುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಲ್ಲಿ ಲೀಪ್ ಟೂಲ್ ಇದೆ, 7ರಿಂದ 8, 8ರಿಂದ 9. ಮೊದಲು ಪ್ರಿಅಪ್‌ಗ್ರೇಡ್ ವರದಿ ತೆಗೆದು, ಅದರಲ್ಲಿ ಇನ್‌ಹಿಬಿಟರ್ ಎಂದು ಬಂದದ್ದನ್ನೆಲ್ಲ ಸರಿಮಾಡಿದ ಮೇಲಷ್ಟೇ ಮುಂದೆ ಬಿಡುತ್ತದೆ. ಸೆಂಟ್‌ಒಎಸ್ 7ರ ಸಪೋರ್ಟ್ 2024ರ ಜೂನ್ 30ಕ್ಕೆ ಮುಗಿಯಿತು. ಅದರಲ್ಲಿ ಉಳಿದವರಿಗೆ ಅಲ್ಮಾಲಿನಕ್ಸ್‌ನ ಎಲಿವೇಟ್ ಒಂದು ದಾರಿ.

ದಾರಿ ಇಲ್ಲದಾಗ

ಈಗ ಆ ಗಂಟೆಗೊಮ್ಮೆ ಮಲಗುವ ಸರ್ವರ್‌ಗೆ ಬರೋಣ. ಇಂಥ ಕಡೆ ಅಪ್‌ಗ್ರೇಡ್ ಎಂದರೆ ಪಕ್ಕದಲ್ಲಿ ಹೊಸದು ಕಟ್ಟಿ, ಸಾಮಾನು ಸಾಗಿಸಿ, ಹಳೆಯದನ್ನು ಖಾಲಿ ಮಾಡುವುದು. ಡೇಟಾಸೆಂಟರ್‌ನಿಂದ ಇಳಿಯಬೇಕಾದವರಿಗೂ, ಕೋರ್‌ನಿಂದ ಡೆಸ್ಕ್‌ಟಾಪ್ ಬೇಕಾದವರಿಗೂ ಇದೇ ದಾರಿ. ನಿಜ ಹೇಳಬೇಕೆಂದರೆ ಡೊಮೇನ್ ಕಂಟ್ರೋಲರ್‌ಗೆ ದಾರಿ ಇದ್ದರೂ ನಾನು ಇದನ್ನೇ ಮಾಡುತ್ತೇನೆ.

ರೀಆರ್ಮ್ ಬಾಕಿ ಇತ್ತು, ಕೊಟ್ಟೆವು. ಸರ್ವರ್ ಆಫ್ ಆಗುವುದು ನಿಂತಿತು. ಹೊಸ ವಿಎಂ ಮಾಡಿ ಕೀ ಸಮೇತ ಸ್ಟ್ಯಾಂಡರ್ಡ್ ಹಾಕಿದೆವು. ಡೊಮೇನ್‌ಗೆ ಸೇರಿಸಿ ಎರಡನೇ ಡೊಮೇನ್ ಕಂಟ್ರೋಲರ್ ಮಾಡಿದೆವು. ಹೀಗೆ ಹೊಸ ಡಿಸಿ (ಡೊಮೇನ್ ಕಂಟ್ರೋಲರ್) ಸೇರಿಸುವಾಗ, ಡೊಮೇನನ್ನು ಹೊಸ ವರ್ಷನ್‌ಗೆ ಸಿದ್ಧಮಾಡುವ ಆ್ಯಡ್‌ಪ್ರೆಪ್ ತಾನಾಗಿ ಓಡುತ್ತದೆ. ಹಳೆಯ ಡಿಸಿ ಮೇಲೆಯೇ ವರ್ಷನ್ ಏರಿಸುವುದಾದರೆ ಮಾತ್ರ ಅದರ ಫಾರೆಸ್ಟ್‌ಪ್ರೆಪ್, ಡೊಮೇನ್‌ಪ್ರೆಪ್ ಎರಡನ್ನೂ ನೀವೇ ಮೊದಲು ಓಡಿಸಬೇಕು. ತುಂಬಾ ಹಳೆಯ ಡೊಮೇನ್ ಆಗಿದ್ದು ಡಿಸಿಗಳು ಹಂಚಿಕೊಳ್ಳುವ ಸಿಸ್‌ವಾಲ್ ಫೋಲ್ಡರ್ ಇನ್ನೂ ಎಫ್‌ಆರ್‌ಎಸ್ ಎಂಬ ಹಳೆಯ ನಕಲು ವಿಧಾನದಲ್ಲೇ ಇದ್ದರೆ ಅದನ್ನು ಮೊದಲು ಹೊಸ ವಿಧಾನವಾದ ಡಿಎಫ್‌ಎಸ್‌ಆರ್‌ಗೆ ತನ್ನಿ. 2019ರಿಂದ ಎಫ್‌ಆರ್‌ಎಸ್ ಇರುವ ಡೊಮೇನ್‌ಗೆ ಹೊಸ ಡಿಸಿ ಸೇರುವುದೇ ಇಲ್ಲ.

ರೆಪ್ಲಿಕೇಷನ್, ಅಂದರೆ ಹಳೆಯ ಡಿಸಿಯ ಮಾಹಿತಿ ಹೊಸದಕ್ಕೆ ನಕಲಾಗುವುದು, ನಡೆಯಲೆಂದು ಒಂದು ರಾತ್ರಿ ಬಿಟ್ಟೆವು. ಬೆಳಗ್ಗೆ ರೆಪ್‌ಅಡ್ಮಿನ್ ಕೊಟ್ಟು ಎರರ್ ಇಲ್ಲ ಎಂದು ನೋಡಿ, ತಲಾ ಒಂದೇ ಡಿಸಿ ಹೊರಬೇಕಾದ ವಿಶೇಷ ಕೆಲಸಗಳಾದ ಐದೂ ಫಿಸ್ಮೊ ರೋಲ್‌ಗಳನ್ನು ಹೊಸದಕ್ಕೆ ಸರಿಸಿದೆವು. ನೆಟ್‌ಡಾಮ್ ಕ್ವೆರಿ ಫಿಸ್ಮೊ ಕೊಟ್ಟಾಗ ಐದು ಸಾಲಿನಲ್ಲೂ ಹೊಸ ಹೆಸರು. ಡಿಎಚ್‌ಸಿಪಿಯನ್ನು ಎಕ್ಸ್‌ಪೋರ್ಟ್ ಮಾಡಿ ಇಲ್ಲಿ ಇಂಪೋರ್ಟ್ ಮಾಡಿದೆವು. ಫೈಲ್ ಶೇರ್‌ಗಳಿಗೆ ಸ್ಟೋರೇಜ್ ಮೈಗ್ರೇಷನ್ ಸರ್ವಿಸ್ ಇದೆ, 2019ರಲ್ಲಿ ಬಂದದ್ದು. ಶೇರ್, ಪರ್ಮಿಷನ್ ಮಾತ್ರವಲ್ಲ, ಬೇಕೆಂದರೆ ಹಳೆಯ ಸರ್ವರ್‌ನ ಹೆಸರು, ಐಪಿ ಕೂಡ ಹೊಸದಕ್ಕೆ ಕೊಡುತ್ತದೆ. ಅಲ್ಲಿ ಇದ್ದದ್ದು ಎರಡೇ ಶೇರ್, ರೋಬೊಕಾಪಿಯಲ್ಲೇ ಮುಗಿಸಿದೆವು.

ಆಮೇಲೆ ಹಳೆಯದನ್ನು ತಕ್ಷಣವೇ ಡಿಮೋಟ್ ಮಾಡಲಿಲ್ಲ, ಅಂದರೆ ಡಿಸಿ ಕೆಲಸದಿಂದ ಇಳಿಸಲಿಲ್ಲ. ಸುಮ್ನೆ ಆಫ್ ಮಾಡಿ ಇಟ್ಟು ಯಾರು ಕೂಗುತ್ತಾರೆ ಎಂದು ಕಾದೆವು. ಲಾಗಿನ್ ಆಗುತ್ತಿತ್ತು, ಫೈಲ್ ತೆರೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡನೇ ಮಹಡಿಯಿಂದ ಫೋನ್ ಬಂತು: ಸ್ಕ್ಯಾನ್ ಮಾಡಿದ್ದು ಮೇಲ್‌ಗೆ ಬರುತ್ತಿಲ್ಲ. ಪ್ರಿಂಟರ್‌ನ ಪುಟ್ಟ ಪರದೆಯಲ್ಲಿ ಮೆನು ಒಳಗೆ ಮೆನು ಹೊಕ್ಕು ನೋಡಿದರೆ ಡಿಎನ್‌ಎಸ್ ಜಾಗದಲ್ಲಿ ಹಳೆಯ ಸರ್ವರ್‌ನ ಐಪಿಯನ್ನು ಯಾರೋ ಕೈಯಿಂದ ಹಾಕಿದ್ದರು. ಹಾಜರಿ ಹಾಕುವ ಬೆರಳಚ್ಚು ಮೆಷಿನ್‌ನಲ್ಲೂ ಅದೇ, ಎರಡು ಕ್ಯಾಮೆರಾಗಳಲ್ಲೂ ಅದೇ. ಹುಡುಕಿ ಹುಡುಕಿ ಬದಲಿಸಿ, ಮರುದಿನ ಹಳೆಯದನ್ನು ಆನ್ ಮಾಡಿ, ಸರಿಯಾಗಿ ಡಿಮೋಟ್ ಮಾಡಿ, ಡೊಮೇನ್‌ನಿಂದ ತೆಗೆದೆವು.